ಜನವರಿ ಒಂದರಂದು ಹುಟ್ಟಿದವರು

ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನ ತನಕ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಫೈಲಕ್ಕ ಎಂದು. ಇಪ್ಪತ್ತೆರಡನೆಯ ವಯಸ್ಸಿಗೆ ದಾಖಲೆ ವಿಭಾಗಕ್ಕೆ ಗುಮಾಸ್ತೆಯಾಗಿ ಸೇರಿದವಳು ಇಪ್ಪತ್ತು ವರ್ಷ ಅಲ್ಲಿಂದ ಕದಲಿರಲಿಲ್ಲ. ಮೊದಲು ದಾರ ಕಟ್ಟಿದ ಕಾಗದದ ಫೈಲುಗಳು, ಆಮೇಲೆ ಕಂಪ್ಯೂಟರು, ಆಮೇಲೆ ಇನ್ನೂ ದೊಡ್ಡ ಕಂಪ್ಯೂಟರು. ಯಾವ ರೋಗಿಯ ಕಾಗದ ಎಲ್ಲಿದೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಆದರೆ ಮಹಾ ಹೆದರುಪುಕ್ಕಲಿ. ಮೇಲಿನವರು ಒಳಗೆ ಕರೆದರೆ ಸಾಕು, ಏನು ತಪ್ಪು ಮಾಡಿದೆನೋ ಎಂದು ಅಂಗೈ ಬೆವರುತ್ತಿತ್ತು. ಶಾಲೆಯಲ್ಲಿ ಪದ್ಯ ಹೇಳಲು ನಿಲ್ಲಿಸಿದಾಗ ಒಂದು ಸಾಲು ಹೇಳಿ ಬಾಗಿಲ ಹಿಂದೆ ಅವಿತುಕೊಂಡಿದ್ದಳಂತೆ. ಇವಳು ಇನ್ನೂ ಆ ಬಾಗಿಲಿನಿಂದ ಹೊರಗೆ ಬಂದಿಲ್ಲ ಎಂದು ಅವಳ ಅಣ್ಣ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ.

ಇಂಥವಳು ನಲವತ್ತು ದಾಟಿದ ಮೇಲೆ ಸಂಜೆ ಕಾಲೇಜಿಗೆ ಸೇರಿ ಮಾಹಿತಿ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಓದಲು ಹೊರಟದ್ದು ಒಂದು ಮಾತಿನ ಮೇಲೆ. ಕಂಪ್ಯೂಟರ್ ರಿಪೇರಿಗೆ ಬಂದ ಕಂಪನಿಯವನನ್ನು ಏನೋ ಕೇಳಿದಾಗ ಅವನು, "ಅದು ನಿಮಗೆ ಅರ್ಥ ಆಗಲ್ಲ ಬಿಡಿ ಮೇಡಂ" ಅಂದಿದ್ದ. ಹೆದರುವವರಿಗೂ ರೋಷ ಬರುತ್ತದೆ. ಹಿಂದೆಯೇ ಪುಸ್ತಕ ಓದಿ ತಾನಾಗಿ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದವಳು, ಎಂದೋ ಮುಗಿಸಿದ್ದ ಡಿಗ್ರಿಯ ಸರ್ಟಿಫಿಕೇಟು ಹಿಡಿದುಕೊಂಡು ಹೋಗಿ ಅರ್ಜಿ ಹಾಕಿಬಿಟ್ಟಳು. ಗಂಡ ಲಿಫ್ಟ್ ಮೆಕ್ಯಾನಿಕ್. "ಓದು, ಅಡುಗೆ ನಾನು ನೋಡ್ಕೊಳ್ತೀನಿ" ಎಂದ; ಮಾತಿಗೆ ತಪ್ಪಲಿಲ್ಲ, ರುಚಿಯ ವಿಷಯ ಬೇರೆ.

ಪರೀಕ್ಷೆಗಳೆಲ್ಲ ಹೇಗೋ ದಾಟಿದವು. ಎರಡನೆಯ ವರ್ಷ ಬಂದಾಗ ಎದುರಿಗೆ ನಿಂತದ್ದು ಪ್ರಬಂಧ. ಪ್ರಬಂಧಕ್ಕೂ ಮೊದಲು ನಾಲ್ಕು ಪುಟದ ಯೋಜನೆ ಬರೆದು ಸಮಿತಿಯ ಮುಂದೆ ನಿಂತು ಓದಿ ಹೇಳಬೇಕು. ಪ್ರಶ್ನೆ ಏನು, ಬೇರೆಯವರು ಏನು ಮಾಡಿದ್ದಾರೆ, ಮಾಹಿತಿ ಎಲ್ಲಿಂದ ತರುತ್ತೀರಿ, ಹೇಗೆ ಕೆಲಸ ಮಾಡುತ್ತೀರಿ, ಎಷ್ಟು ತಿಂಗಳು. ನಿಂತು ಹೇಳಬೇಕು ಎಂಬ ಒಂದೇ ಮಾತಿಗೆ ಫೈಲಕ್ಕನಿಗೆ ಊಟ ಸೇರದಾಯಿತು. ಮೂರು ವಾರ ಖಾಲಿ ಹಾಳೆ ನೋಡಿದಳು. ಒಂಬತ್ತನೆಯ ಕ್ಲಾಸಿನ ಮಗಳು ತನ್ನ ಪುಸ್ತಕ ಮುಚ್ಚಿ ಏಳುವಾಗ, "ಅಮ್ಮಾ, ನಿನ್ನ ಹೋಂವರ್ಕ್ ಇನ್ನೂ ಆಗ್ಲಿಲ್ವಾ?" ಎಂದು ದಿನಾ ಕೇಳುತ್ತಿದ್ದಳು. ಕೊನೆಗೆ ಯಾರ್ಯಾರದೋ ಲೇಖನಗಳಿಂದ ಭಾರಿ ಭಾರಿ ಪದಗಳನ್ನು ಆರಿಸಿ, ಕೃತಕ ಬುದ್ಧಿಮತ್ತೆಯಿಂದ ಕಾಯಿಲೆಗಳನ್ನು ಮೊದಲೇ ಹೇಳುವುದು ಎಂದೇನೋ ಹೆಣೆದು ಗೈಡ್ ಮೇಡಂ ಮುಂದೆ ಇಟ್ಟಳು.

ಗೈಡ್ ಮೇಡಂ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಪ್ರೊಫೆಸರು. ಅವರ ಕೋಣೆಯಲ್ಲಿ ಕುರ್ಚಿಗಳಿಗಿಂತ ಹಳೆಯ ಪ್ರಬಂಧಗಳ ರಾಶಿಯೇ ಹೆಚ್ಚು. ಬಂದವರು ಪ್ರಬಂಧಗಳ ಮೇಲೇ ಕೂರಬೇಕು. ನಾಲ್ಕು ಪುಟ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದರಲ್ಲಿ ನೀವು ಎಲ್ಲಿದ್ದೀರಮ್ಮ?"

"ಅಂದ್ರೆ... ಗೊತ್ತಾಗ್ಲಿಲ್ಲ ಮೇಡಂ."

"ಇದನ್ನ ಯಾರು ಬೇಕಾದ್ರೂ ಬರೀಬಹುದು. ಇಪ್ಪತ್ತು ವರ್ಷ ಒಂದೇ ಕಡೆ ಕೂತಿದ್ದೀರಿ. ನಿಮಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ್ದು ಏನಾದ್ರೂ ಇರಬೇಕಲ್ಲ. ಅದನ್ನ ಹೇಳಿ."

ಫೈಲಕ್ಕ ತೊಡೆಯ ಮೇಲಿನ ಚೀಲದ ಹಿಡಿ ತಿರುವುತ್ತ ಕೂತಳು. ಆಮೇಲೆ ತಡೆ ತಡೆದು ಹೇಳಿದಳು. ಒಬ್ಬನೇ ರೋಗಿಗೆ ಆಸ್ಪತ್ರೆಯಲ್ಲಿ ಎರಡು ಮೂರು ನಂಬರು ಇರುತ್ತವೆ. ಹೆಸರನ್ನು ಒಬ್ಬ ಗುಮಾಸ್ತ ಒಂದು ಥರ ಬರೆದರೆ ಇನ್ನೊಬ್ಬ ಇನ್ನೊಂದು ಥರ ಬರೆಯುತ್ತಾನೆ. ಹುಟ್ಟಿದ ತಾರೀಖು ಗೊತ್ತಿಲ್ಲದವರೇ ಹೆಚ್ಚು. ಕಂಪ್ಯೂಟರು ಖಾಲಿ ಬಿಡಲು ಒಪ್ಪುವುದಿಲ್ಲವಾದ್ದರಿಂದ ಕೌಂಟರಿನವರು ಅಂದಾಜಿನ ವರ್ಷ ಹಾಕಿ ಜನವರಿ ಒಂದು ಎಂದು ತುಂಬಿಸಿಬಿಡುತ್ತಾರೆ. "ನಮ್ಮ ಆಸ್ಪತ್ರೆ ಲೆಕ್ಕದಲ್ಲಿ ಅರ್ಧ ಊರು ಹುಟ್ಟಿದ್ದು ಜನವರಿ ಒಂದಕ್ಕೇ ಮೇಡಂ."

ಗೈಡ್ ಮೇಡಂ ಮೊದಲ ಸಲ ನಕ್ಕರು. "ನೋಡಿದ್ರಾ, ಪ್ರಬಂಧ ನಿಮ್ಮ ಬಾಯಲ್ಲೇ ಇತ್ತು. ಒಬ್ಬರದೇ ಎರಡು ದಾಖಲೆ ಯಾವುದು, ಬೇರೆ ಬೇರೆಯವರದ್ದು ಯಾವುದು ಅಂತ ಯಂತ್ರ ಕಂಡುಹಿಡಿಯೋದು ಹೇಗೆ. ಅದೇ ಪ್ರಶ್ನೆ. ಆದ್ರೆ ಯೋಜನೇಲಿ ಇನ್ನೊಂದು ಸಾಲು ನನಗೆ ಬೇಕು. ನೀವು ಮಾಡಿದ್ದು ತಪ್ಪಾಗಿದ್ರೆ ಅದು ನಿಮಗೆ ಹೇಗೆ ಗೊತ್ತಾಗುತ್ತೆ? ಮೊದಲು ಇನ್ನೂರು ಜೋಡಿ ದಾಖಲೆ ಕೈಯಲ್ಲೇ ಹೋಲಿಸಿ ನೋಡಿ, ಆಮೇಲೆ ಬರೀರಿ."

ಅವಳು ಹಗುರವಾಗಿ ಹೊರಗೆ ಬಂದಳು. ಕಾರಣವಿತ್ತು. ಒಂಬತ್ತು ವರ್ಷದ ಹಿಂದೆ ಆಸ್ಪತ್ರೆ ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಬದಲಾದಾಗ, ಎರಡೆರಡು ಸಲ ನಮೂದಾದ ರೋಗಿಗಳನ್ನು ಒಂದುಗೂಡಿಸುವ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟವಳು ಅವಳೇ. ಹೆಸರು ಒಂದೇ, ಹುಟ್ಟಿದ ತಾರೀಖು ಒಂದೇ, ಇಬ್ಬರೂ ಹೆಂಗಸು ಅಥವಾ ಇಬ್ಬರೂ ಗಂಡಸು ಆಗಿದ್ದರೆ ಒಬ್ಬರೇ ಎಂದು ಸೇರಿಸು. ಒಂಬತ್ತು ಸಾವಿರದ ನಾನೂರು ಜೋಡಿ ಒಂದಾಗಿದ್ದವು. ಅಂದಿನ ದೊಡ್ಡ ಡಾಕ್ಟರು ಸಭೆಯಲ್ಲಿ ಅವಳನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ್ದರು. ಅವಳ ಜೀವನದಲ್ಲಿ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ. ಸೇರಿಸಿದ ಜೋಡಿಗಳ ಪಟ್ಟಿಯನ್ನು ಜೋಪಾನವಾಗಿ ಇಟ್ಟಿದ್ದಳು. ಅದರಿಂದಲೇ ಇನ್ನೂರನ್ನು ಆರಿಸಿದರಾಯಿತು.

ಹಳೆಯ ಕಾಗದದ ಫೈಲುಗಳು ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದವು. ಕಬ್ಬಿಣದ ಕಪಾಟುಗಳು, ಮಿಣುಕುವ ಒಂದು ಟ್ಯೂಬ್‌ಲೈಟು, ಮೂಗಿಗೆ ಏರುವ ದೂಳು. ಅನುಮತಿ ಪತ್ರ ಬರೆಸಿಕೊಂಡು ದಿನಾ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಇಳಿದು ಹೋಗಿ ಏಳೆಂಟು ಜೋಡಿ ಫೈಲು ಬಿಚ್ಚಿ, ಅಕ್ಕಪಕ್ಕ ಇಟ್ಟು ನೋಡುತ್ತಿದ್ದಳು. ಅದೇ ಸಹಿ, ಅದೇ ಮನೆ, ಅದೇ ಗಂಡನ ಹೆಸರು. ಸರಿ. ಸರಿ. ಇದೂ ಸರಿ. ಅರವತ್ತೆರಡು ಜೋಡಿ ಹಾಗೇ ಸಾಗಿದವು.

ಅರವತ್ತಮೂರನೆಯದರಲ್ಲಿ ಒಂದು ಫೈಲಿನಲ್ಲಿ ಸಹಿ ಇತ್ತು. ಇನ್ನೊಂದರಲ್ಲಿ ಹೆಬ್ಬೆಟ್ಟು.

ಸಹಿ ಕಲಿತಿರಬಹುದು ಎಂದುಕೊಂಡಳು. ಮುಂದಿನ ಹಾಳೆ ತಿರುವಿದಳು. ಒಬ್ಬಳ ರಕ್ತ ಓ ಗುಂಪು, ಇನ್ನೊಬ್ಬಳದು ಬಿ. ರಕ್ತ ಕಲಿತುಕೊಳ್ಳುವಂಥದ್ದಲ್ಲ. ಒಬ್ಬಳು ಟೈಲರ್, ಇನ್ನೊಬ್ಬಳು ಹಾಸ್ಟೆಲಿನಲ್ಲಿ ಅಡುಗೆಯವಳು. ಹೆಸರು ಒಂದೇ, ವರ್ಷ ಒಂದೇ, ತಾರೀಖು ಜನವರಿ ಒಂದು. ಟೈಲರಮ್ಮನ ಫೈಲಿನ ರಟ್ಟಿನ ಮೇಲೆ ಯಾವುದೋ ನರ್ಸು ಕೆಂಪು ಮಸಿಯಲ್ಲಿ ದಪ್ಪಗೆ ಬರೆದಿದ್ದಳು: ಪೆನಿಸಿಲಿನ್ ಆಗಿಬರುವುದಿಲ್ಲ, ಕೊಡಲೇಬಾರದು.

ಫೈಲಕ್ಕ ಮೆಟ್ಟಿಲು ಹತ್ತಿ ತನ್ನ ಜಾಗಕ್ಕೆ ಬಂದು ಕಂಪ್ಯೂಟರಿನಲ್ಲಿ ಆ ನಂಬರು ಒತ್ತಿದಳು. ಇಬ್ಬರು ಹೆಂಗಸರು ಅಲ್ಲಿ ಒಬ್ಬಳಾಗಿದ್ದರು. ಆಗಿಬರದ ಔಷಧಗಳು ಎಂಬ ಚೌಕದಲ್ಲಿ "ಇಲ್ಲ" ಎಂದಿತ್ತು. ಎರಡರಲ್ಲಿ ಹೊಸದಾದ ದಾಖಲೆಯ ಮಾತನ್ನು ಉಳಿಸಿಕೋ ಎಂದು ಪ್ರೋಗ್ರಾಮಿಗೆ ಹೇಳಿದವಳು ಅವಳೇ; ಹೊಸದಾದದ್ದು ಅಡುಗೆಯವಳದು.

ಪಕ್ಕದ ಮೇಜಿನವಳು, "ಯಾಕಕ್ಕ, ಮುಖ ಬಿಳಿಚಿಕೊಂಡಿದೆ?" ಎಂದದ್ದಕ್ಕೆ, "ದೂಳು" ಎಂದಳು.

ನೋಡದೆ ಬಿಡುವ ಹಾಗೂ ಇಲ್ಲ, ನೋಡುವ ಧೈರ್ಯವೂ ಇಲ್ಲ. ಇನ್ನೂರು ಮುಗಿಯುವಷ್ಟರಲ್ಲಿ ಇಂಥವು ನಾಲ್ಕು ಸಿಕ್ಕಿದವು. ನೂರಕ್ಕೆ ಎರಡು. ಒಂಬತ್ತು ಸಾವಿರದ ನಾನೂರಕ್ಕೆ ಎಷ್ಟು ಎಂದು ಬಸ್ಸಿನಲ್ಲಿ ನಿಂತಾಗ ಮನಸ್ಸು ತಾನೇ ಲೆಕ್ಕ ಹಾಕಿತು: ನೂರ ಎಂಬತ್ತೆಂಟು. ನೂರ ಎಂಬತ್ತೆಂಟು ಜೋಡಿ ಜನ ಊರ ತುಂಬ ಓಡಾಡುತ್ತಿದ್ದಾರೆ, ಒಬ್ಬರ ಕಾಯಿಲೆ ಇನ್ನೊಬ್ಬರ ಹೆಸರಲ್ಲಿ. ಬಸ್ಸಿನಲ್ಲಿ ಪಕ್ಕದಲ್ಲಿ ಕೆಮ್ಮಿದ ಮುದುಕನನ್ನು ಕಂಡರೂ, ಇವನೂ ಅವರಲ್ಲೊಬ್ಬನೇ ಎಂದು ಹೆದರಿಕೆ. ವಿಷಯ ಬದಲಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂತು. ಬಂದ ಯೋಚನೆ ಹೋಗಲೂ ಇಲ್ಲ. ಮರುದಿನವೇ ಗೈಡ್ ಮೇಡಂ ಬಳಿ ಹೋದಳು.

"ಮೇಡಂ, ಬೇರೆ ವಿಷಯ ತಗೊಳ್ಳಲಾ? ಇದು ನನ್ನ ಕೈಲಿ ಆಗಲ್ಲ ಅನ್ಸುತ್ತೆ."

"ಯಾಕೆ? ಇನ್ನೂರರಲ್ಲಿ ಏನು ಸಿಕ್ತು?"

"ಏನೂ... ಏನಿಲ್ಲ."

ಮೇಡಂ ಅವಳನ್ನೇ ನೋಡಿದರು. "ಏನೂ ಸಿಗದೇ ಇದ್ರೆ ಹೆದರೋದ್ಯಾಕೆ? ಭಾನುವಾರ ಕಳೀಲಿ. ಆಮೇಲೂ ಬೇಡ ಅನ್ಸಿದ್ರೆ ಬದಲಾಯಿಸೋಣ."

ಭಾನುವಾರ ಬೆಳಿಗ್ಗೆ ಗಂಡ ಅಂಗಳದಲ್ಲಿ ಕೂತು ತನ್ನ ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸುತ್ತಿದ್ದ. ಒಗೆದ ಬಟ್ಟೆ ಹರವಲು ಬಂದವಳು ಒದ್ದೆ ಬಟ್ಟೆಯನ್ನು ಹಾಗೇ ಹಿಡಿದು ನಿಂತುಬಿಟ್ಟಳು.

"ಏನೇ, ಎರಡು ಮೂರು ವಾರದಿಂದ ನೋಡ್ತಿದ್ದೀನಿ. ದೆವ್ವ ಬಡಿದವಳ ಹಾಗೆ ಓಡಾಡ್ತಿದ್ದೀಯ. ಏನಾಯ್ತು?"

"ರೀ, ನಾನು ಯಾರನ್ನಾದ್ರೂ ಕೊಂದಿರಬಹುದು."

ಅವನ ಕೈ ನಿಂತಿತು. ಅವಳು ಎಲ್ಲ ಹೇಳಿದಳು. ಅವನಿಗೆ ಪ್ರೋಗ್ರಾಂ ಅರ್ಥವಾಗಲಿಲ್ಲ. ಕೆಂಪು ಮಸಿ ಅರ್ಥವಾಯಿತು. ಸ್ಪ್ಯಾನರನ್ನು ಕೆಳಗಿಟ್ಟ.

"ಲಿಫ್ಟ್ ಮಧ್ಯ ನಿಂತ್ರೆ ನಾವು ಮೊದಲು ಒಳಗೆ ಜನ ಇದ್ದಾರಾ ಅಂತ ಕೂಗಿ ಕೇಳ್ತೀವಿ. ಹಗ್ಗ ಯಾರು ಹಾಕಿದ್ರು, ಎಣ್ಣೆ ಯಾರು ಬಿಡಲಿಲ್ಲ ಅನ್ನೋದೆಲ್ಲ ಆಮೇಲೆ. ಆ ಟೈಲರಮ್ಮ ಎಲ್ಲಿದ್ದಾಳೆ?"

"ವಿಳಾಸ ಇದೆ. ಹಳೇದು."

"ಚಪ್ಪಲಿ ಹಾಕ್ಕೋ. ಹೋಗೋಣ."

ಬಸ್ಸು ಬದಲಿಸಿ ಹೋದರು. ಕಿರಿದಾದ ಬೀದಿ, ಬೀಡಾ ಅಂಗಡಿ, ಅದರ ಪಕ್ಕ "ಹೆಂಗಸರ ಉಡುಪು ಹೊಲಿಯಲಾಗುತ್ತದೆ" ಎಂಬ ಬಣ್ಣ ಹೋದ ಹಲಗೆ. ಕೆಳಗೆ ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಅಂಗಡಿಯವನನ್ನು ಗಂಡನೇ ಕೇಳಿದ.

"ಅವರಾ? ಹೋಗಿಬಿಟ್ರಲ್ಲ" ಎಂದ ಅಂಗಡಿಯವನು.

ಅವಳು ಗೋಡೆಗೆ ಕೈ ಊರಿದಳು. ಬೀದಿಯೆಲ್ಲ ದೂರ ದೂರ ಸರಿದ ಹಾಗಾಯಿತು. ಅಂಗಡಿಯವನು ಚಿಲ್ಲರೆ ಕೊಟ್ಟು ಗಿರಾಕಿಯನ್ನು ಕಳಿಸಿ ಮಾತು ಮುಂದುವರಿಸಿದ: "ಆಚೆ ತಿರುವಿಗೆ. ಅಲ್ಲಿ ಬಾಡಿಗೆ ಕಡಿಮೆ ಅಂತೆ. ಹಸಿರು ಬಾಗಿಲು."

ಹಸಿರು ಬಾಗಿಲಿನ ಒಳಗೆ ಮಷೀನು ಟಕಟಕ ಓಡುತ್ತಿತ್ತು. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡಿದ್ದ ಗುಂಡು ಹೆಂಗಸು ತಲೆ ಎತ್ತಿ, "ಅಳತೆ ಬಟ್ಟೆ ತಂದಿದ್ದೀರಾ?" ಎಂದಳು. ಫೈಲಕ್ಕನಿಗೆ ಅಳು ಒತ್ತರಿಸಿ ಬಂತು. ಬಟ್ಟೆ ಹೊಲಿಸಲು ಬಂದು ಅಳುವವರನ್ನು ಅಷ್ಟಾಗಿ ಕಂಡಿರದ ಟೈಲರಮ್ಮ ಸೂಜಿ ತೆಗೆದಿಟ್ಟು ಕುರ್ಚಿ ಎಳೆದಳು, ನೀರು ಕೊಟ್ಟಳು. ವಿಷಯ ಕೇಳಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹೋದ ವರ್ಷ ಕಾಲಿಗೆ ಮೊಳೆ ಚುಚ್ಚಿ ನಿಮ್ಮಲ್ಲಿಗೇ ಬಂದಿದ್ದೆ. ಆ ನರ್ಸ್ ಹುಡುಗಿ ಸಿರಿಂಜ್ ತುಂಬಿಕೊಂಡು ನಿಂತಿದ್ಲು. ಏನು ಔಷಧ ಅಂತ ಕೇಳಿದೆ, ಪೆನಿಸಿಲಿನ್ ಅಂದ್ಲು. ಅದು ನನಗೆ ಆಗಲ್ಲ ಅಂದೆ. ಕಂಪ್ಯೂಟರಲ್ಲಿ ಏನೂ ಇಲ್ಲಮ್ಮ, ನಿಮಗೆ ಆಗುತ್ತೆ ಅಂದ್ಲು. ಕಂಪ್ಯೂಟರಿಗೆ ಚುಚ್ಚು ಹಾಗಾದ್ರೆ, ನನಗೆ ಬೇಡ ಅಂತ ಕೂಗಾಡಿದೆ. ನನ್ನ ಬಾಯಿ ಜೋರು ಅಂತ ಉಳಿದೆ. ಬಾಯಿಲ್ಲದವರ ಗತಿ ಏನಕ್ಕ?"

ಬರುವಾಗ ಬಸ್ಸಿನಲ್ಲಿ ಫೈಲಕ್ಕ ನಾಲ್ಕು ಜೋಡಿಗಳ ನಂಬರನ್ನೂ ಟಿಕೆಟಿನ ಹಿಂದೆ ಬರೆದುಕೊಂಡಳು.

ಸೋಮವಾರ ಹತ್ತು ಗಂಟೆಗೆ ದೊಡ್ಡ ಡಾಕ್ಟರ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಳು. ಎರಡು ಸಲ ಎದ್ದು ಹೋಗಿ ನೀರು ಕುಡಿದಳು. ಮೂರನೆಯ ಸಲ ಎದ್ದಾಗ ಬಾಗಿಲು ತಾನಾಗಿ ತೆರೆಯಿತು, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ನಾಲ್ಕು ಜೋಡಿ ಫೈಲನ್ನು ಅವರ ಮೇಜಿನ ಮೇಲೆ ಇಟ್ಟು, ಇರುವುದನ್ನು ಇದ್ದ ಹಾಗೆ ಹೇಳಿದಳು. ಟೈಲರಮ್ಮನ ಮನೆಗೆ ಹೋದದ್ದನ್ನು ಹೇಳಿದಾಗ ಅವರು ಮೇಜು ಕುಟ್ಟಿದರು.

"ರೋಗಿ ಮನೆಗೆ ಹೋದ್ರಾ? ನಿಮಗೆ ತಲೆ ನೆಟ್ಟಗಿದೆಯೇನ್ರೀ?"

"ಬದುಕಿದ್ದಾರಾ ಅಂತ ನೋಡ್ಬೇಕಿತ್ತು ಸರ್."

ಅವರು ಮತ್ತೆ ಬೈಯಲಿಲ್ಲ. ಕೆಂಪು ಮಸಿಯ ರಟ್ಟನ್ನು ನೋಡಿ ಫೋನೆತ್ತಿದರು. ಅಂದು ಸಂಜೆಯೊಳಗೆ ಸೇರಿಸಿದ ಒಂಬತ್ತು ಸಾವಿರದ ನಾನೂರು ದಾಖಲೆಗಳ ತಲೆಯ ಮೇಲೂ ಒಂದು ಎಚ್ಚರಿಕೆ ಬಂತು: ಇದನ್ನು ನಂಬಬೇಡಿ, ರೋಗಿಯನ್ನೇ ಕೇಳಿ.

ವಿಚಾರಣೆ ನಡೆಯಿತು. ಆ ಪ್ರೋಗ್ರಾಂ ನಡೆಸುವ ಮೊದಲು ಯಾರೊಬ್ಬರೂ ಪರೀಕ್ಷಿಸಿರಲಿಲ್ಲ, ಒಪ್ಪಿಗೆಯ ಕಾಗದದಲ್ಲಿ ಮೂವರು ಅಧಿಕಾರಿಗಳ ಸಹಿ ಇತ್ತು. ಮೆಮೊ ಬಂದದ್ದು ಮಾತ್ರ ಫೈಲಕ್ಕನಿಗೆ. ಅವಳನ್ನು ಕಂಪ್ಯೂಟರಿನಿಂದ ಎಬ್ಬಿಸಿ ಹೊರರೋಗಿಗಳಿಗೆ ಚೀಟಿ ಕೊಡುವ ಕಿಟಕಿಗೆ ಹಾಕಿದರು. ಒಂದು ದಿನ ವಿಚಾರಣೆಗೆ ಕೂತಿದ್ದ ವಯಸ್ಸಾದ ಡಾಕ್ಟರು ಕಿಟಕಿಯ ಬಳಿ ಬಂದಾಗ, ಎಷ್ಟೋ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟಳು. ಸಿಕ್ಕ ನಾಲ್ಕು ಜೋಡಿಯಲ್ಲಿ ಒಬ್ಬ ತೋಟಗಾರ ಎರಡು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ.

"ಅವನು ಹೋಗಿದ್ದು ನನ್ನಿಂದಾನಾ ಸರ್?"

"ಎದೆನೋವಿಂದ ಹೋದ ಅಂತ ಬರೆದಿದೆ. ಆದ್ರೆ ಬರೆದವರು ಸೇರಿಹೋದ ದಾಖಲೆ ನೋಡಿ ಔಷಧ ಕೊಟ್ಟಿದ್ರೋ, ಇಲ್ವೋ... ಹೌದು ಅಂತ ಹೇಳೋಕಾಗಲ್ಲಮ್ಮ. ಇಲ್ಲ ಅಂತಾನೂ ಹೇಳಲಾರೆ."

ಆ ಮಾತು ಅವಳ ಜೊತೆ ಉಳಿಯಿತು. ಅಡುಗೆಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮಗಳ ತಲೆ ಬಾಚುವಾಗ, ಬಾಚಣಿಗೆ ಅರ್ಧದಲ್ಲಿ ನಿಂತುಬಿಡುತ್ತಿತ್ತು.

ಗೈಡ್ ಮೇಡಂಗೆ ಎಲ್ಲ ತಿಳಿಸಿದಾಗ ಅವರು ಸಮಾಧಾನ ಹೇಳಲಿಲ್ಲ. "ತಪ್ಪಾಗಿದ್ರೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ನಲ್ಲ. ಈಗ ಆ ಸಾಲು ನೀವು ಬರೀಬಹುದು" ಎಂದರು. ಅವಳು ಬರೆದಳು. ಈ ಸಲ ಭಾರಿ ಪದಗಳಿರಲಿಲ್ಲ. ಯಂತ್ರ ಎರಡು ದಾಖಲೆಗಳನ್ನು ಹೋಲಿಸಿ ಎಷ್ಟು ಹೋಲುತ್ತವೆ ಎಂದು ಹೇಳಬೇಕು. ಸಂಶಯವಿದ್ದರೆ ತಾನೇ ಸೇರಿಸದೆ ಮನುಷ್ಯರನ್ನು ಕೇಳಬೇಕು. ಜನವರಿ ಒಂದನ್ನು ಹುಟ್ಟಿದ ದಿನ ಎಂದು ನಂಬಬಾರದು, ಗೊತ್ತಿಲ್ಲ ಎಂದು ಓದಬೇಕು. ರೋಗಿಗಳ ಹೆಸರು ತೆಗೆದ ದಾಖಲೆಗಳ ಮೇಲೆ ಪರೀಕ್ಷೆ. ಹದಿನಾಲ್ಕು ತಿಂಗಳು.

ಸಮಿತಿಯ ದಿನ ಉದ್ದ ಮೇಜಿನ ಆಚೆ ಮೂವರು ಕೂತಿದ್ದರು. ಫೈಲಕ್ಕ ಹಾಳೆಯನ್ನು ಮೇಜಿನ ಮೇಲಿಟ್ಟು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. ಧ್ವನಿ ಮೊದಲ ಸಾಲಿನಲ್ಲೇ ಬಿದ್ದುಹೋಯಿತು. ಆ ಸಾಲನ್ನು ಮತ್ತೆ ಮೊದಲಿನಿಂದ ಹೇಳಿದಳು. ಇನ್ನೂರರಲ್ಲಿ ನಾಲ್ಕು ತಪ್ಪು ಎಂಬ ಕಡೆ ಬಂದಾಗ ಗಡ್ಡದ ಪರೀಕ್ಷಕರು ಕೈ ಎತ್ತಿ ತಡೆದರು.

"ಇಷ್ಟು ಬೇಜವಾಬ್ದಾರಿ ಪ್ರೋಗ್ರಾಂ ಬರೆದವರು ಯಾರ್ರೀ?"

ಕಂಪನಿಯವರು ಎಂದರೆ ಮುಗಿಯಿತು, ಯಾರೂ ಮುಂದೆ ಕೇಳುವುದಿಲ್ಲ. ಅವಳ ಕಣ್ಣು ಬಾಗಿಲ ಕಡೆ ಹೋಯಿತು.

"ನಾನೇ ಸರ್" ಎಂದಳು.

ಗಡ್ಡದವರು ಪೆನ್ನು ಕೆಳಗಿಟ್ಟರು. ಆಮೇಲೆ ಮುಕ್ಕಾಲು ಗಂಟೆ ಮೂವರೂ ಪ್ರಶ್ನೆ ಕೇಳಿದರು. ಕೆಲವಕ್ಕೆ ಗೊತ್ತಿಲ್ಲ ಎಂದಳು, ಹಾಗೆನ್ನುವಾಗೆಲ್ಲ ಪ್ರಾಣ ಹೋದಂತಾಯಿತು. ಮಾದರಿಗೆ ಆರಿಸಿದ ಜೋಡಿಗಳು ಸಾಲವು, ಹೆಚ್ಚಿಸಿ; ಆಸ್ಪತ್ರೆಯ ಲಿಖಿತ ಒಪ್ಪಿಗೆ ತನ್ನಿ ಎಂಬ ಎರಡು ಷರತ್ತಿನ ಮೇಲೆ ಯೋಜನೆ ಒಪ್ಪಿಗೆಯಾಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಗಂಡ ಬಂದು ಚೀಲ ಎತ್ತಿಕೊಂಡ.

ಹದಿನಾಲ್ಕು ತಿಂಗಳೆಂದದ್ದು ಇಪ್ಪತ್ತಾರಾಯಿತು. ಸೇರಿಹೋಗಿದ್ದ ಇನ್ನೂರ ಮೂರು ಜೋಡಿ ಬೇರೆಯಾದವು. ತೋಟಗಾರನ ದಾಖಲೆಯೂ ಬೇರೆಯಾಯಿತು. ಅವನಿಗೆ ಅದರಿಂದ ಆಗಬೇಕಾದದ್ದೇನೂ ಇರಲಿಲ್ಲ. ಮೆಮೊ ಅವಳ ಸೇವಾ ಪುಸ್ತಕದಲ್ಲಿ ಇಂದಿಗೂ ಇದೆ, ಬರಬೇಕಿದ್ದ ಬಡ್ತಿ ಬರಲಿಲ್ಲ. ಆದರೆ ಅವಳ ಹೊಸ ಪ್ರೋಗ್ರಾಮನ್ನು ಆಸ್ಪತ್ರೆ ತೆಗೆದುಕೊಂಡಿತು, ಅವಳನ್ನೂ ಕಂಪ್ಯೂಟರಿಗೆ ವಾಪಸು ಕರೆಯಿತು.

ಅದು ಶುರುವಾದ ಬೆಳಿಗ್ಗೆ ಪರದೆಯ ಮೇಲೆ ಎರಡು ದಾಖಲೆ ಅಕ್ಕಪಕ್ಕ ಬಂದು ನಿಂತವು. ಇವರಿಬ್ಬರೂ ಒಬ್ಬರೇನಾ ಎಂದು ಯಂತ್ರ ಕೇಳಿತು. ಎಲ್ಲವೂ ಹೊಂದುತ್ತಿತ್ತು, ಬೀದಿಯ ಹೆಸರೂ ಸಹ. ಹೌದು ಎಂಬ ಗುಂಡಿಯ ಮೇಲೆ ಬೆರಳಿಟ್ಟ ಫೈಲಕ್ಕನ ಅಂಗೈ ಬೆವರಿತು. ಬೆರಳು ತೆಗೆದು, ಕಿಟಕಿಯಾಚೆ ಸಾಲಿನಲ್ಲಿ ನಿಂತಿದ್ದ ಆ ಹೆಸರಿನ ಹೆಂಗಸನ್ನೇ ಕರೆದಳು.

"ಅಮ್ಮಾ, ಸ್ವಲ್ಪ ಈ ಕಡೆ ಬನ್ನಿ. ನಿಮ್ಮ ತಾಯಿ ಹೆಸರೇನು?"

"ಆಗ್ಲೇ ಆ ಕಿಟಕೀಲಿ ಹೇಳಿದ್ನಲ್ಲಮ್ಮ! ಎಷ್ಟು ಸಲ ಹೇಳೋದು?"

"ತಪ್ಪು ತಿಳ್ಕೋಬೇಡಿ. ನನಗೂ ಒಂದ್ಸಲ ಹೇಳಿಬಿಡಿ."